ಇಂಗ್ರಿಡಮ್ಮನನ್ನು ಕೇಳಿ ಹೇಳುತ್ತೇನೆ

ಅಂಗಡಿಯ ಕೀಲಿಕೈ ಒಪ್ಪಿಸುವ ವಾರ ಮೇಘನಾ ನನಗೊಂದು ಕೆಲಸ ಹಚ್ಚಿದಳು. "ಆಂಟಿ, ರಿಟೈರ್ ಆದ್ಮೇಲೆ ನಿಮಗೆ ಟೈಮ್ ಇರುತ್ತಲ್ಲ, ಇಲ್ಲಿಯ ಕಸ್ಟಮರ್ಸ್‌ನ ಹೇಗೆ ಹ್ಯಾಂಡಲ್ ಮಾಡ್ಬೇಕು ಅಂತ ಬರೆದುಕೊಡಿ. ಟಿಪ್ಸ್ ಥರ. ಸಿಂಪಲ್ ಆಗಿ." ಕನ್ನಡದಲ್ಲಿ ಬರೆದರೆ ಓದುತ್ತೀಯೇನೇ ಎಂದೆ. "ಅಮ್ಮನ ಹತ್ರ ಓದಿಸ್ಕೋತೀನಿ" ಎಂದಳು. ಅವಳ ಅಪ್ಪ ಅಮ್ಮ ಬೆಂಗಳೂರಿನವರು, ಅವಳು ಮಾತ್ರ ಸ್ವೀಡನ್ನಿನ ಈ ಶೋವ್ಡೆ ಊರಿನಲ್ಲೇ ಬೆಳೆದವಳು. ಬಟ್ಟೆ ವಿನ್ಯಾಸ ಓದಿದ್ದಾಳೆ, ಕೈ ಚುರುಕಾಗಿದೆ, ಬಾಯಿ ಇನ್ನೂ ಚುರುಕು. ನನ್ನ ಹೊಲಿಗೆ ಅಂಗಡಿಯನ್ನು ಇನ್ನು ನಡೆಸುವವಳು ಅವಳೇ.

ಟಿಪ್ಸಂತೆ! ಇಷ್ಟು ವರ್ಷ ಈ ಊರಿನವರ ಪ್ಯಾಂಟು ಮಡಚಿ, ಜಿಪ್ ಬದಲಿಸಿ, ಸೊಂಟ ಬಿಚ್ಚಿ ಹೊಲಿದೆ. ಅವರ ಬಟ್ಟೆಯ ಒಳಹೊರಗೆಲ್ಲ ನನಗೆ ಗೊತ್ತು. ಆದರೆ ಅವರ ಮನಸ್ಸಿನ ಒಳಗೇನಿದೆ ಎಂದು ಕೇಳಿದರೆ, ನನ್ನಾಣೆ, ಮೊದಲ ದಿನ ಎಷ್ಟು ಗೊತ್ತಿತ್ತೋ ಇವತ್ತೂ ಅಷ್ಟೇ ಗೊತ್ತು. ಆದ್ದರಿಂದ ಮೇಘನಾ, ಇದರಲ್ಲಿ ಬುದ್ಧಿಮಾತು ಹುಡುಕಬೇಡ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿನಗೆ ಅರ್ಥವಾದರೆ ಬಂದು ನನಗೂ ಹೇಳು.

ನಾನು ದಾವಣಗೆರೆಯ ಮುಮ್ತಾಜ್. ನಮ್ಮ ಅಬ್ಬಾ ದರ್ಜಿ. ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಂಗಸರ ಬಟ್ಟೆಯ ಅಳತೆ, ಹೊಲಿಗೆ ಎರಡೂ ನನ್ನದಾಗಿತ್ತು. ನಮ್ಮ ಮನೆಯವರು ಇಲಿಯಾಸ್ ಇಲ್ಲಿಯ ಎಂಜಿನ್ ಕಾರ್ಖಾನೆಗೆ ಎಂಜಿನಿಯರ್ ಆಗಿ ಬಂದರು, ಅವರ ಬೆನ್ನಿಗೆ ನಾನು ಬಂದೆ. ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಕೆಲವು ಕಾಲ ಒಂದು ಹೋಟೆಲಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಬದಲಿಸುವ ಕೆಲಸ ಮಾಡಿದೆ. ಸೊಂಟ ಬಿದ್ದುಹೋಯಿತು. ಒಂದು ದಿನ ಕೆಲಸ ಮುಗಿಸಿ ಬರುವಾಗ, ರೈಲು ನಿಲ್ದಾಣದ ಹತ್ತಿರದ ಹೊಲಿಗೆ ಅಂಗಡಿಯ ಗಾಜಿನ ಹಿಂದೆ ಒಬ್ಬ ಮುದುಕಿ ಸವೆದ ಕಾಲರನ್ನು ಬಿಚ್ಚಿ ತಿರುವಿ ಹೊಲಿಯುತ್ತಿರುವುದು ಕಂಡಿತು. ಅಬ್ಬಾ ಬಿಟ್ಟರೆ ಇನ್ನೊಬ್ಬರು ಆ ಕೆಲಸ ಮಾಡುವುದನ್ನು ನೋಡಿರಲಿಲ್ಲ. ಒಳಗೆ ಹೋಗಿ, ಬಂದಷ್ಟು ಸ್ವೀಡಿಷ್‌ನಲ್ಲಿ "ಇದು ನನಗೂ ಬರುತ್ತೆ" ಎಂದೆ. ಮುದುಕಿ ಒಂದು ಅಂಗಿ ಕೊಟ್ಟಳು. ಹೊಲಿದು ಕೊಟ್ಟೆ. ಒಳಮಗ್ಗುಲು ತಿರುಗಿಸಿ ನೋಡಿ ಕೊಂಡಿಗೆ ನೇತುಹಾಕಿದಳು, ಅಷ್ಟೇ. ಮಾರನೆಯ ದಿನ ಹೋದೆ, ಇನ್ನೊಂದು ಕೊಟ್ಟಳು. ಕೆಲಸ ಸಿಕ್ಕಿತೋ ಇಲ್ಲವೋ ಎಂಬುದು ನನಗೆ ಮೊದಲ ಸಂಬಳದವರೆಗೂ ತಿಳಿಯಲಿಲ್ಲ.

ಆಕೆಯ ಹೆಸರು ಇಂಗ್ರಿಡ್. ಬೋರ್ಡಿನ ಮೇಲೂ ಅದೇ ಹೆಸರು, ಇಂಗ್ರಿಡ್ ಹೊಲಿಗೆ ಅಂಗಡಿ. ಈ ದೇಶದಲ್ಲಿ ಅಜ್ಜಿಯಾಗಲಿ ಮಂತ್ರಿಯಾಗಲಿ ಎಲ್ಲರನ್ನೂ ಹೆಸರು ಹಿಡಿದು ನೀನು ಎನ್ನಬೇಕು. ತಾಯಿಯ ವಯಸ್ಸಿನವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಬಾಯಲ್ಲಿ ಇಂಗ್ರಿಡ್ ಎಂದು, ಮನಸ್ಸಿನಲ್ಲಿ ಇಂಗ್ರಿಡಮ್ಮ ಎಂದು ಒಪ್ಪಂದ ಮಾಡಿಕೊಂಡೆ.

ಇಂಗ್ರಿಡಮ್ಮನಂಥ ಯಜಮಾನಿಯ ಕೈಕೆಳಗೆ ಕೆಲಸ ಮಾಡುವುದು ಸುಲಭವಲ್ಲ. ತಪ್ಪು ಮಾಡಿದರೆ ಅಬ್ಬಾ ಬೀದಿಗೆ ಕೇಳುವಂತೆ ಬೈಯುತ್ತಿದ್ದರು, ಮರುಗಳಿಗೆಗೆ ಚಹಾ ತರಿಸುತ್ತಿದ್ದರು. ಬೈಗುಳ ಮುಗಿಯಿತು ಎಂದರೆ ತಪ್ಪೂ ಮುಗಿಯಿತು. ಈಕೆ ಬೈಯುವುದಿಲ್ಲ. ಸುಮ್ಮನೆ ಬಟ್ಟೆಯನ್ನು ಮತ್ತೆ ನನ್ನ ಮೆಷಿನ್ ಮೇಲೆ ತಂದಿಡುವುದು. ಎಲ್ಲಿ ತಪ್ಪಿದೆ? ನೀನೇ ಹುಡುಕು. ಹುಡುಕಿ ಹುಡುಕಿ ಸರಿಯಿದ್ದ ಹೊಲಿಗೆಯನ್ನೂ ಬಿಚ್ಚಿದ ದಿನಗಳಿವೆ. ಫಿಕಾ ಎಂದು ಇವರು ಕರೆಯುವ ಕಾಫಿ ಬಿಡುವಿನ ಹೊತ್ತಿನಲ್ಲಿ ಮಾತ್ರ ಕಾಫಿ ಸುರಿದುಕೊಟ್ಟು ದಾಲ್ಚಿನ್ನಿ ಬನ್ನಿನ ದೊಡ್ಡ ತುಂಡನ್ನು ನನ್ನ ಕಡೆಗೆ ತಳ್ಳುತ್ತಿದ್ದರು. ಅದು ಮೆಚ್ಚುಗೆಯೋ, ಅವರಿಗೆ ಸಿಹಿ ಆಗದೋ, ಅದೂ ಗೊತ್ತಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಆದದ್ದು ರೂನೆ ಎಂಬುವರ ಪ್ಯಾಂಟಿನಲ್ಲಿ. ಮುಂದೆ ಇವರದೇ ಕಥೆ ಬರುವುದರಿಂದ ಸರಿಯಾಗಿ ಪರಿಚಯ ಮಾಡಿಸುತ್ತೇನೆ. ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ, ಉದ್ದ ಆಸಾಮಿ, ಒಂಟಿ, ಮುಖದಲ್ಲಿ ನಗುವೂ ಇಲ್ಲ ಸಿಟ್ಟೂ ಇಲ್ಲ. ಮಾತಿಗೆ ಬದಲಾಗಿ ಹಕ್ಕನೆ ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದರು. ಮೊದಲ ಸಲ ಹಾಗೆ ಮಾಡಿದಾಗ ಎದೆನೋವು ಬಂತೆಂದು ನಾನು ನೀರು ತರಲು ಓಡಿದ್ದೆ. ಅದು 'ಹೌದು' ಅನ್ನುವುದಂತೆ.

ಪ್ಯಾಂಟಿನ ಉದ್ದ ಕಡಿಮೆ ಮಾಡಬೇಕಿತ್ತು. ಅಬ್ಬಾನ ಅಂಗಡಿಯಲ್ಲಿ ಗಂಡಸರಿಗೆ ಟೇಪು ಹಿಡಿದವಳಲ್ಲ ನಾನು. ಅಂದು ಇಂಗ್ರಿಡಮ್ಮ ದಂತವೈದ್ಯರ ಹತ್ತಿರ ಹೋಗಿದ್ದರು. ಪರಗಂಡಸಿನ ಕಾಲ ಬಳಿ ಮಂಡಿಯೂರಿ ಕೂರುವುದೇ? ಕೌಂಟರಿನ ಈಚೆಯಿಂದಲೇ ಕಣ್ಣಳತೆಯಲ್ಲಿ ನೋಡಿ "ಆಯ್ತು, ಗೊತ್ತಾಯ್ತು" ಎಂದು ಕಳಿಸಿದೆ. ಹೆಂಗಸರ ಕುಪ್ಪಸಕ್ಕೆ ನನ್ನ ಕಣ್ಣಳತೆ ತಪ್ಪಿದ್ದಿಲ್ಲ. ಈ ತಾಳೆಮರಕ್ಕೆ ತಪ್ಪಿತು. ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು, ಕಾಲುಚೀಲವೆಲ್ಲ ಹೊರಗೆ. ನನ್ನ ಜೀವ ಬಾಯಿಗೆ ಬಂತು. ರೂನೆ ಕೆಳಗೆ ನೋಡಿದರು, ಮೇಲೆ ನೋಡಿದರು, "ಚೆನ್ನಾಗಿದೆ" ಎಂದರು, ದುಡ್ಡು ಕೊಟ್ಟು ಹೋದರು. ಆ ಬೇಸಿಗೆಯೆಲ್ಲ ಅದೇ ಪ್ಯಾಂಟು ತೊಟ್ಟು ಚೌಕದಲ್ಲಿ ಓಡಾಡಿದರು! ಪ್ರತಿಸಲ ಆ ಕಾಲುಚೀಲ ಕಂಡಾಗ ನಾನು ಇನ್ನೊಂದು ಬೀದಿಗೆ ತಿರುಗುತ್ತಿದ್ದೆ. ದಾವಣಗೆರೆಯಲ್ಲಾಗಿದ್ದರೆ ಆ ಪ್ಯಾಂಟನ್ನು ನನ್ನ ಮುಖಕ್ಕೆ ಎಸೆದು ಹೊಸ ಬಟ್ಟೆ ಕೇಳುತ್ತಿದ್ದರು. ಆಗ ನನಗೂ ನೆಮ್ಮದಿ ಇರುತ್ತಿತ್ತು.

ಅಲ್ಲಿಂದ ಮುಂದೆ ರೂನೆ ಏನು ತಂದರೂ ಕೌಂಟರಿನ ಮೇಲಿಟ್ಟು ಒಂದೇ ಮಾತು ಹೇಳುತ್ತಿದ್ದರು. "ಇಂಗ್ರಿಡ್ ಏನು ಹೇಳ್ತಾಳೆ ಕೇಳು." ನ್ಯಾಯವೇ ಅಲ್ಲವೇ.

ಕೆಲವು ವರ್ಷಗಳ ನಂತರ ಇಂಗ್ರಿಡಮ್ಮನ ಕಣ್ಣು ಮಂಜಾಯಿತು. ದೂರದ ಉತ್ತರದ ಉಮೆಯೊ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟರು. ಅಂಗಡಿಯನ್ನು ನನಗೆ ಬಿಟ್ಟುಕೊಟ್ಟರು. ಹೋಗುವ ದಿನ ಬಾಗಿಲ ಹೊರಗೆ ನಿಂತು ತಲೆಯೆತ್ತಿ ನೋಡಿ, "ಬೋರ್ಡು ಇರಲಿ ಬಿಡು" ಎಂದರು. ನನ್ನ ಒಳ್ಳೆಯದಕ್ಕೆ ಹೇಳಿದರೋ, ತಮ್ಮ ಹೆಸರಿನ ಆಸೆಗೆ ಹೇಳಿದರೋ. ನಾನಂತೂ ಬೋರ್ಡು ಮುಟ್ಟಲಿಲ್ಲ. ಅಂಗಡಿ ಈಗ ನನ್ನದು ಎಂದು ಯಾರಿಗೂ ಹೇಳಲೂ ಇಲ್ಲ.

ಹೇಳದಿದ್ದುದಕ್ಕೆ ಕಾರಣವಿದೆ. ಒಳಗೆ ಬಂದ ಹೊಸಬರ ಕಣ್ಣು ಮೊದಲು ನನ್ನ ಮುಖದ ಮೇಲೆ, ಆಮೇಲೆ ತಲೆಯ ಬಟ್ಟೆಯ ಮೇಲೆ, ಆಮೇಲೆ ನನ್ನ ಹೆಗಲ ಹಿಂದೆ ಯಾರನ್ನೋ ಹುಡುಕಿಕೊಂಡು ಹೋಗುತ್ತಿತ್ತು. ನಾನು ಸ್ವೀಡಿಷ್‌ನಲ್ಲಿ ಮಾತನಾಡಿಸಿದರೆ ಅವರು ನಿಧಾನವಾಗಿ, ಕಿವುಡರಿಗೆ ಹೇಳುವಂತೆ ಇಂಗ್ಲಿಷ್‌ನಲ್ಲಿ ಉತ್ತರಿಸುತ್ತಿದ್ದರು. ಒಂದು ದಿನ ಒಬ್ಬ ಹೆಂಗಸು ಉಣ್ಣೆಯ ಕೋಟು ತಂದು, ಒಳಗಿನ ಲೈನಿಂಗ್ ಬಟ್ಟೆಯಷ್ಟೂ ನಾಳೆಗೇ ಬದಲಾಗಬೇಕು ಎಂದಳು. ಆಗುವುದಿಲ್ಲ, ಮುಂದಿನ ಗುರುವಾರ ಎಂದೆ. "ಅಂಗಡಿಯ ಮಾಲೀಕರ ಹತ್ತಿರ ಮಾತಾಡಬಹುದೇ?" ಎಂದಳು, ತುಂಬ ಮೆತ್ತಗೆ, ನಗುನಗುತ್ತ. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಂದ ಮಾತ್ರ ಬೇರೆಯೇ ಮಾತು ಬಿತ್ತು. "ಇರಿ, ಇಂಗ್ರಿಡ್‌ನ ಕೇಳಿ ಹೇಳ್ತೀನಿ."

ಅಂಗಡಿಯ ಹಿಂಭಾಗಕ್ಕೆ ಕಟ್ಟಿದ ಪರದೆಯ ಹಿಂದೆ ಹೋದೆ. ಅಲ್ಲಿ ಇಸ್ತ್ರಿ ಮೇಜು, ನನ್ನ ಚಹಾದ ಫ್ಲಾಸ್ಕು. ಒಂದು ಗುಟುಕು ಕುಡಿದು ಹೊರಗೆ ಬಂದೆ. "ಮುಂದಿನ ಗುರುವಾರ ಅಂತಾಳೆ." "ಓಹ್, ಖಂಡಿತ, ಖಂಡಿತ" ಎಂದು ಕೋಟು ಬಿಟ್ಟು ಹೋದಳು. ಅದೇ ಬಾಯಿ, ಅದೇ ಉತ್ತರ, ನಡುವೆ ಒಂದು ಗುಟುಕು ಚಹಾ. ನಾನು ಕಕ್ಕಾಬಿಕ್ಕಿಯಾಗಿ ನಿಂತೆ.

ಆಮೇಲೆ ಅದೇ ರೂಢಿಯಾಯಿತು. ದರ ಹೆಚ್ಚಾಯಿತೆಂದರೆ ಇಂಗ್ರಿಡ್‌ನ ಕೇಳಿ ಬರುತ್ತೇನೆ. ಬೇಗ ಬೇಕೆಂದರೆ ಇಂಗ್ರಿಡ್‌ನ ಕೇಳಿ ಬರುತ್ತೇನೆ. ಕಡೆಕಡೆಗೆ ನಾನು ನಿಜವಾಗಿಯೂ ಕೇಳತೊಡಗಿದ್ದೆ. ಪರದೆಯ ಹಿಂದೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಇಂಗ್ರಿಡಮ್ಮ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಯೋಚಿಸಿ, ಅದನ್ನೇ ಬಂದು ಹೇಳುತ್ತಿದ್ದೆ. ರೂನೆಯಂತೂ ಇಂಗ್ರಿಡ್ ಹೆಸರಿಲ್ಲದೆ ಒಂದು ಕಾಲುಚೀಲವನ್ನೂ ಬಿಡುತ್ತಿರಲಿಲ್ಲ. ಅವರ ಹಳೆಯ ಜಾಕೆಟ್ ನೋಡಿ ಬಂದು, "ಲೈನಿಂಗ್ ಜೂಲಾಗಿದೆ, ಪೂರ್ತಿ ಬದಲಿಸಬೇಕಂತೆ" ಎಂದರೆ, "ಅವಳು ಯಾವಾಗಲೂ ಅದನ್ನೇ ಹೇಳೋದು" ಎನ್ನುತ್ತಿದ್ದರು. ಇಲಿಯಾಸ್‌ಗೆ ಇದೆಲ್ಲ ತಮಾಷೆ. "ಮುಮ್ತಾಜ್, ಇಂಗ್ರಿಡ್‌ಗೂ ಒಂದು ಸಂಬಳ ಕೊಟ್ಟುಬಿಡು" ಎನ್ನುತ್ತಿದ್ದರು. ನನಗೆ ಅರ್ಧ ನಗು ಬರುತ್ತಿತ್ತು, ಅರ್ಧ ಸಿಟ್ಟು. ಅಂಗಡಿ ನನ್ನದು, ಬೆವರು ನನ್ನದು, ಮರ್ಯಾದೆ ಮಾತ್ರ ಪರದೆಯ ಹಿಂದೆ ಯಾರೂ ಇಲ್ಲದ ಜಾಗಕ್ಕೆ ಹೋಗುತ್ತಿತ್ತು.

ಈ ಮಧ್ಯೆ ದುಡ್ಡು ಕೊಡುವ ರೀತಿಯೂ ಬದಲಾಯಿತು. ನೋಟು ಹೋಗಿ ಕಾರ್ಡು ಬಂತು. ಇದರಿಂದ ನನಗಾದ ಪಜೀತಿ ಮೇಘನಾಳಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ದಿನದ ಮೊದಲ ವ್ಯಾಪಾರ ನಮ್ಮಲ್ಲಿ ಬೋಣಿ. ಅಬ್ಬಾ ಬೋಣಿಯ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡೇ ಗಲ್ಲಾಕ್ಕೆ ಹಾಕುತ್ತಿದ್ದರು. ನಾನೂ ಹಾಗೆಯೇ. ಈಗ ನೋಟೇ ಇಲ್ಲ, ಏನನ್ನು ಒತ್ತಿಕೊಳ್ಳಲಿ? ಕಾರ್ಡಿನ ಮೆಷಿನ್ನನ್ನೇ ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಎದುರಿಗಿದ್ದ ಅಜ್ಜಿ ಮರುಕದಿಂದ, "ಅಕ್ಷರ ಕಾಣೋದಿಲ್ವಾ? ಚೌಕದಲ್ಲಿ ಒಳ್ಳೆಯ ಕನ್ನಡಕದ ಅಂಗಡಿ ಇದೆ" ಎಂದಳು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಕಟ್ಟಡದ ಮಾಲೀಕರು ಮುಂಭಾಗವನ್ನೆಲ್ಲ ರಿಪೇರಿ ಮಾಡಿಸಿದರು. ಅವರ ಕಡೆಯ ಹುಡುಗನೊಬ್ಬ ಬಂದು, ಎಲ್ಲ ಅಂಗಡಿಗೂ ಒಂದೇ ಥರದ ಹೊಸ ಬೋರ್ಡು ಬರುತ್ತದೆ, ನಿನ್ನದಕ್ಕೆ ಏನು ಹೆಸರು ಎಂದು ಕೇಳಿದ. ವಾರದೊಳಗೆ ಹೇಳಬೇಕು. ಇಲಿಯಾಸ್, "ಯೋಚನೆ ಏನು, ಇಂಗ್ರಿಡ್ ಅಂತಲೇ ಬರೆಸು, ನಡೆಯುವ ಗಾಡಿ" ಎಂದರು. ನನಗೆ ಅನ್ನ ಇಳಿಯಲಿಲ್ಲ. ಹಳೆಯ ಬೋರ್ಡನ್ನು ಇಟ್ಟುಕೊಳ್ಳುವುದು ಬೇರೆ, ನಾನೇ ಕೈಯಾರೆ ಅದನ್ನು ಹೊಸದಾಗಿ ಬರೆಸುವುದು ಬೇರೆ.

ಆ ವಾರವೇ ರೂನೆ ಜಾಕೆಟ್ ತೆಗೆದುಕೊಂಡು ಹೋಗಲು ಬಂದರು. ನನಗೆ ಯಾರ ಹತ್ತಿರವಾದರೂ ಹೇಳಬೇಕಿತ್ತು. "ರೂನೆ, ಹೊಸ ಬೋರ್ಡು ಬರ್ತಿದೆ. ಇಂಗ್ರಿಡ್ ಹೆಸರೇ ಇರಲಾ, ಬೇಡವಾ ಗೊತ್ತಾಗ್ತಿಲ್ಲ. ಉಮೆಯೊಗೆ ಫೋನ್ ಮಾಡಿ ಅವಳನ್ನೇ ಕೇಳೋಣ ಅಂತಿದೀನಿ" ಎಂದೆ. ಮಾತು ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇಂಗ್ರಿಡ್ ಪರದೆಯ ಹಿಂದೆ ಇರಬೇಕಿತ್ತಲ್ಲ!

ರೂನೆ ಜಾಕೆಟ್ಟಿನ ತೋಳನ್ನು ಮಡಚುತ್ತ ನಿಂತಿದ್ದರು. "ಇಂಗ್ರಿಡ್ ಸತ್ತುಹೋದಳು" ಎಂದರು. "ಇಲ್ಲಿಗೇ ತಂದು ಮಣ್ಣು ಮಾಡಿದ್ವಿ. ಹೋದ ವರ್ಷಕ್ಕೆ ಮುಂಚಿನ ಚಳಿಗಾಲ. ಪೆಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬ."

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಇನ್ನಾ ಲಿಲ್ಲಾಹ್ ಎಂದು ಬಾಯಿ ತಾನಾಗಿಯೇ ಹೇಳಿತು. ನನಗೆ ಒಂದು ಮಾತು ಯಾರೂ ಹೇಳಲಿಲ್ಲವಲ್ಲ, ಬನ್ನಿನ ದೊಡ್ಡ ತುಂಡು ಕೊಟ್ಟ ಕೈಯನ್ನು ಕೊನೆಯ ಸಲ ನೋಡಲಿಲ್ಲವಲ್ಲ ಎಂದು ಅಳು ಬಂತು. ಆಮೇಲೆ ತಲೆಯಲ್ಲಿ ಇನ್ನೊಂದು ಲೆಕ್ಕ ಓಡಿತು. "ಹಾಗಾದ್ರೆ ಹೋದ ವಾರ ಈ ಜಾಕೆಟ್ ತಂದು, ಇಂಗ್ರಿಡ್‌ನ ಕೇಳು ಅಂದ್ಯಲ್ಲ?"

"ಅಂದೆ."

"ನಾನು ಒಳಗೆ ಹೋಗಿ ಕೇಳಿ ಬಂದೆನಲ್ಲ?"

"ಬಂದೆ. ಅವಳು ಹೇಳಿದ್ದು ಸರಿಯಾಗೇ ಇತ್ತು. ಲೈನಿಂಗ್ ಜೂಲಾಗಿತ್ತು."

"ಇದು ಬೇರೆ ಯಾರಿಗೆ ಗೊತ್ತು?"

ರೂನೆ ಉಸಿರು ಒಳಗೆಳೆದುಕೊಂಡರು. "ಪೇಪರಿನಲ್ಲಿ ಬಂದಿತ್ತು" ಎಂದರು.

ಯಾ ಅಲ್ಲಾ! ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ನಾನು ಸತ್ತವರನ್ನು ಕೇಳಿಕೊಂಡು ಬರುವವರೆಗೆ ಹಳೆಯ ಗಿರಾಕಿಗಳೆಲ್ಲ ಕೌಂಟರಿನಾಚೆ ಗಂಭೀರವಾಗಿ ಕಾಯುತ್ತ ನಿಂತಿದ್ದರು. ಯಾರ ತುಟಿಯೂ ಅಲುಗಲಿಲ್ಲ. ನನ್ನನ್ನು ನೋಡಿ ಒಳಗೊಳಗೇ ನಕ್ಕರೋ, ಪಾಪ ಇವಳಿಗೆ ನೋವಾಗದಿರಲಿ ಎಂದುಕೊಂಡರೋ, ಇಂಗ್ರಿಡ್ ಇನ್ನೂ ಒಳಗಿದ್ದಾಳೆ ಎಂದು ಕೇಳುವುದು ಅವರಿಗೂ ಹಿತವಾಗಿತ್ತೋ. ಯಾರು ಯಾರನ್ನು ಯಾಮಾರಿಸುತ್ತಿದ್ದೆವು? ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಂದು ಮಾತ್ರ ಅವಮಾನಕ್ಕೆ ಕಿವಿ ಬಿಸಿಯಾಗಿತ್ತು. ಆ ಬಿಸಿಯಲ್ಲೇ ಕಟ್ಟಡದವರಿಗೆ ಫೋನ್ ಮಾಡಿ, "ಹೆಸರು ಬರೆದುಕೋ. ಮುಮ್ತಾಜ್" ಎಂದೆ.

ಬೋರ್ಡು ಬಂತು. ದೊಡ್ಡ ಬಿಳಿ ಅಕ್ಷರ. ನೋಡಿ ಹೆಮ್ಮೆಯಿಂದ ಎದೆ ತುಂಬಿತು, ಕಣ್ಣೂ ತುಂಬಿತು. ಆಮೇಲೆ ಅಂಗಡಿ ಖಾಲಿಯಾಯಿತು.

ಬಡಿದು ಓಡಿಸಿದ ಹಾಗೆ ಅಲ್ಲ. ಸದ್ದಿಲ್ಲದೆ, ಈ ದೇಶದಲ್ಲಿ ಎಲ್ಲ ಆಗುವ ಹಾಗೆ. ಜನ ಗಾಜಿನವರೆಗೆ ಬಂದು, ತಲೆಯೆತ್ತಿ ಬೋರ್ಡು ಓದಿ, ಏನೋ ನೆನಪಾದವರಂತೆ ಮುಂದೆ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತು ಬಂದವರು ಕೇಳಿದ್ದು, "ಇವತ್ತಿನ ಊಟ ಏನು?" ಅವರಿಗೆ ಮುಮ್ತಾಜ್ ಎಂದರೆ ಹೋಟೆಲು! ಕಾರ್ಖಾನೆಯ ಒಬ್ಬ ಹುಡುಗ ಹೊಲಿಗೆ ಮೆಷಿನ್ ಮುಂದೆ ನಿಂತುಕೊಂಡೇ "ಚಿಕನ್ ಇದೆಯಾ" ಎಂದ. ಇದೆ, ನನ್ನ ಡಬ್ಬಿಯಲ್ಲಿದೆ ಎಂದು ಅರ್ಧ ತಿನ್ನಿಸಿ ಕಳಿಸಿದೆ. ಮಾರನೆಯ ದಿನ ಮುರಿದ ಜಿಪ್ಪಿನ ಜಾಕೆಟ್ ತಂದ, ಪುಣ್ಯಾತ್ಮ.

ಕಾರಣವೇನು? ಬಣ್ಣವೋ, ಬೋರ್ಡೋ, ಚಳಿಯೋ? ಒಂದು ದಿನ ಇದು ನನ್ನ ಮುಖದ ಬಣ್ಣವೇ ಎಂದು ಕುದಿಯುತ್ತಿದ್ದೆ. ಮರುದಿನ, ಹೊರಗೆ ಮೂಗು ಉದುರುವ ಚಳಿ, ಯಾರು ತಾನೇ ಪ್ಯಾಂಟು ಹಿಡಿದುಕೊಂಡು ಬರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳುತ್ತಿದ್ದೆ. ಯಾರಾದರೂ ಮುಖಕ್ಕೆ ಹೊಡೆದಂತೆ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಇಲ್ಲಿ ಜಗಳಕ್ಕೆ ಜನವೇ ಸಿಗುವುದಿಲ್ಲ. ಇಲಿಯಾಸ್ ನಗುವುದು ನಿಲ್ಲಿಸಿದರು. "ಚಳಿಗಾಲ ಮುಗಿಯುವವರೆಗೆ ನೋಡು. ಆಗಲಿಲ್ಲ ಅಂದ್ರೆ ಕೀಲಿಕೈ ಕೊಟ್ಟುಬಿಡೋಣ. ಹೋಟೆಲಿನವರು ಈಗಲೂ ನಿನ್ನನ್ನು ಕೇಳ್ತಾರೆ" ಎಂದರು. ಒಳ್ಳೆಯ ಮಾತೇ ಆಡಿದರು. ನನಗೆ ಮಾತ್ರ ನನ್ನ ಹೆಸರನ್ನು ಏಣಿ ಹಾಕಿ ಕೆಳಗಿಳಿಸುವ ಚಿತ್ರವೇ ಕಣ್ಣಮುಂದೆ ಬರುತ್ತಿತ್ತು.

ಒಂದು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಬ್ಬ ಹೆಂಗಸು ಬಂದಳು. ಕಿಟಕಿಯ ಪರದೆ ಹೊಲಿಯುವ ದರ ಕೇಳಿ, "ಯೋಚಿಸಿ ಬರ್ತೀನಿ" ಎಂದು ತಿರುಗಿದಳು. ಬೋಣಿಯ ಗಿರಾಕಿ ಬರಿಗೈಲಿ ಹೋಗಬಾರದು, ಹೋದರೆ ದಿನವೆಲ್ಲ ಹಾಗೇ ಎಂದು ಅಬ್ಬಾ ಹೇಳುತ್ತಿದ್ದರು. ನನಗೆ ಏನಾಯಿತೋ, ಚಪ್ಪಲಿಯಲ್ಲೇ ಹಿಮಕ್ಕೆ ಓಡಿದೆ. "ಒಂದು ನಿಮಿಷ! ಏನಾದರೂ ಕೊಟ್ಟು ಹೋಗಿ. ಕೈಗವಸು ಹರಿದಿದೆಯಾ? ದಾರ ಬಿಟ್ಟಿದೆಯಾ? ಎಷ್ಟಾದರೂ ಕೊಡಿ!" ಅವಳು ಹೆದರಿ ಬಿರಬಿರನೆ ನಡೆದುಬಿಟ್ಟಳು. ತಿರುಗಿ ನೋಡಿದರೆ ಬಾಗಿಲಲ್ಲಿ ರೂನೆ. ಬೋರ್ಡು ಬದಲಾದ ಮೇಲೆ ಅಂದೇ ಬಂದದ್ದು.

"ಅವಳೇನು ಕದ್ದಳಾ?" ಎಂದರು.

"ಇಲ್ಲ" ಎಂದೆ, ಅಳು ನುಂಗಿಕೊಂಡು. ಬೋಣಿ ಎಂದರೇನು ಎಂದು ವಿವರಿಸಿದೆ. ಮೊದಲು ಬಂದವರು ಒಂದು ಗುಂಡಿ ಹಾಕಿಸಿಕೊಂಡರೂ ಸಾಕು, ದಿನ ತೆರೆದುಕೊಳ್ಳುತ್ತದೆ ಎಂದೆ. ನನ್ನ ಸ್ವೀಡಿಷ್‌ನಲ್ಲಿ ಅದು ಹೇಗೆ ಕೇಳಿಸಿತೋ. ರೂನೆ ಪೂರ್ತಿ ಕೇಳಿ, "ಮೂಢನಂಬಿಕೆ" ಎಂದು ಹೇಳಿ ಹೊರಟುಹೋದರು. ಥೂ, ಈ ಮನುಷ್ಯನ ಹತ್ತಿರ ಯಾಕೆ ಬಾಯಿಬಿಟ್ಟೆನೋ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯಲು ಬಂದರೆ ರೂನೆ ಬಾಗಿಲ ಮುಂದೆ ನಿಂತಿದ್ದಾರೆ. ಕೋಟಿನ ಗುಂಡಿ ಕೈಯಲ್ಲಿ. "ಬಿದ್ದುಹೋಯಿತು." ಹಾಕಿಕೊಟ್ಟೆ. ಅದರ ಮಾರನೆಯ ದಿನ ಸ್ವೆಟರಿನ ಗುಂಡಿ. ಆಮೇಲೆ ಅಂಗಿಯದು, ಮಲಗುವ ಪೈಜಾಮದ್ದು, ಒಂದು ದಿನ ಸೋಫಾದ ದಿಂಬಿನದು. ಒಬ್ಬ ಮನುಷ್ಯನ ಮೈಮೇಲಿಂದ ಇಷ್ಟು ಗುಂಡಿ ಹೇಗೆ ಉದುರುತ್ತವೆ? ಸವೆದು ಬಿದ್ದ ಗುಂಡಿಯ ದಾರ ನಾರುನಾರಾಗಿರುತ್ತದೆ. ಇವರು ತರುತ್ತಿದ್ದುದು ಬ್ಲೇಡು ಹಾಕಿದ ಹಾಗೆ ಸಾಫು. ನನಗೆ ಮೊದಲು ಬಂದದ್ದು ಸಂಶಯ. ನನ್ನ ಕೆಲಸ ಪರೀಕ್ಷಿಸುತ್ತಿದ್ದಾರೆಯೇ? ಕಟ್ಟಡದವರು ಕಳಿಸಿದ್ದಾರೆಯೇ? ಆಮೇಲೆ ಬಂದದ್ದು ಸಿಟ್ಟು. ಇದೇನು, ನನಗೆ ಬೋಣಿಯ ಭಿಕ್ಷೆಯೇ? ಒಂದು ದಿನ ಗುಂಡಿಯನ್ನು ಅವರ ಮೂಗಿನ ಮುಂದೆ ಹಿಡಿದು, "ರೂನೆ, ಇದು ಬಿದ್ದದ್ದಲ್ಲ. ನೀನೇ ಕತ್ತರಿಸಿದ್ದು" ಎಂದೆ.

ಅವರು ಉಸಿರು ಒಳಗೆಳೆದುಕೊಂಡರು. "ದಾರ ಸಡಿಲಾಗಿತ್ತು" ಎಂದರು.

ಅಷ್ಟೇ. ನಾನು ಏನು ಮಾಡಲಿ? ಸೂಜಿಗೆ ದಾರ ಪೋಣಿಸಿದೆ.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ರೂನೆ ನಾನು ಬರುವುದಕ್ಕಿಂತ ಮುಂಚೆ ಬಂದು ಬಾಗಿಲಿಗೆ ಎದುರಾಗಿ ನೆಟ್ಟಗೆ ನಿಲ್ಲುತ್ತಿದ್ದರು. ಈ ದೇಶದವರು ಒಬ್ಬರು ನಿಂತದ್ದು ಕಂಡರೆ ಹಿಂದೆ ಇನ್ನೊಬ್ಬರು ನಿಲ್ಲುತ್ತಾರೆ, ಅದು ಅವರ ರಕ್ತದಲ್ಲೇ ಇದೆ. ಮೊದಲು ಒಬ್ಬ ಅಜ್ಜಿ ನಿಂತಳು, ಯಾಕೆ ನಿಂತೆ ಎಂದು ಕೇಳಿದರೆ "ಇಲ್ಲಿ ಸಾಲು ಇತ್ತಲ್ಲ" ಎಂದಳು. ನಿಂತ ಮೇಲೆ ಸುಮ್ಮನೆ ಹೋಗುವುದು ಹೇಗೆಂದು ತನ್ನ ಸ್ಕರ್ಟಿನ ಅಂಚು ತೋರಿಸಿದಳು. ಆಮೇಲೆ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿದವರು, ಕಾಲೇಜಿನ ಹುಡುಗಿಯರು. ಹಿಮ ಕರಗುವ ಹೊತ್ತಿಗೆ ಕೊಂಡಿಗಳೆಲ್ಲ ತುಂಬಿದ್ದವು. ಯಾರೂ ಇಂಗ್ರಿಡ್‌ನ ಕೇಳು ಎನ್ನಲಿಲ್ಲ. ಇದು ರೂನೆಯ ಸಾಲಿನಿಂದ ಆಯಿತೋ, ಬಿಸಿಲು ಬಂದದ್ದರಿಂದ ಆಯಿತೋ, ಜನರಿಗೆ ನನ್ನ ಹೆಸರು ಅಭ್ಯಾಸವಾಯಿತೋ? ಇಲಿಯಾಸ್ ಮೂರೂ ಇರಬಹುದು ಎನ್ನುತ್ತಾರೆ. ಎಂಜಿನಿಯರುಗಳಿಗೆ ಅಂಥ ಉತ್ತರ ಸಾಕು, ನನಗೆ ಸಾಲದು. ಹೋಟೆಲಿನ ಮಾತನ್ನು ಮಾತ್ರ ಅವರು ಮತ್ತೆ ಎತ್ತಲಿಲ್ಲ.

ವರ್ಷಗಳು ಉರುಳಿ ರೂನೆಗೆ ನೆನಪು ಕೈಕೊಟ್ಟಿತು. ವೃದ್ಧರ ನಿವಾಸಕ್ಕೆ ಸೇರಿಸಿದರೆಂದು ಯಾರೋ ಹೇಳಿದರು. ಸೂಜಿ ದಾರದ ಡಬ್ಬಿ ಹಿಡಿದು ನೋಡಲು ಹೋದೆ. ಕಿಟಕಿಯ ಪಕ್ಕ ಕೂತಿದ್ದರು, ಅಂಗಿಯಲ್ಲಿ ಗುಂಡಿಗಳೆಲ್ಲ ಇದ್ದವು. ನನ್ನನ್ನು ದೀರ್ಘವಾಗಿ ನೋಡಿ, "ಇಂಗ್ರಿಡ್, ಆ ಹೊಸಬಳು ಹೇಗೆ?" ಎಂದರು. "ನನ್ನ ಪ್ಯಾಂಟು ಗಿಡ್ಡ ಮಾಡಿದವಳು?"

ಅವರ ಮುಖ ಎಂದಿನ ಹಾಗೇ ಇತ್ತು. ನಿಜವಾಗಿ ಮರೆತಿದ್ದರೋ, ನನ್ನ ಕಾಲೆಳೆಯುತ್ತಿದ್ದರೋ, ಖುದಾನೇ ಬಲ್ಲ. ನಾನೂ ಸುಮ್ಮನೆ ಇಂಗ್ರಿಡ್ ಆದೆ. "ಪರವಾಗಿಲ್ಲ. ಕಲೀತಿದ್ದಾಳೆ" ಎಂದೆ.

"ಇಟ್ಟುಕೋ ಅವಳನ್ನ" ಎಂದರು ರೂನೆ.

ಬಸ್ಸಿನಲ್ಲಿ ಕೂತು ಅತ್ತೆ. ಅವರು ಹೋದ ಸುದ್ದಿ ಈ ಸಲ ನನಗೆ ಸಮಯಕ್ಕೆ ಸಿಕ್ಕಿತು. ಇಗರ್ಜಿಯಲ್ಲಿ ಹಿಂದಿನ ಸಾಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದವಳು ನಾನೊಬ್ಬಳೇ.

ಇಷ್ಟು ಬರೆದಿಟ್ಟು, ಇನ್ನು ಇದನ್ನು ಹೇಗೆ ಮುಗಿಸುವುದೆಂದು ತಿಳಿಯದೆ ಬಿಟ್ಟಿದ್ದೆ. ಅಷ್ಟರಲ್ಲಿ ಮೇಘನಾ ಅಂಗಡಿ ತೆರೆಯುವ ದಿನ ಬಂತು. ಹೆಸರು ಬದಲಿಸುತ್ತೀಯೇನೇ ಎಂದು ಹಿಂದಿನ ವಾರ ಕೇಳಿದ್ದೆ. "ಅಯ್ಯೋ ಬೇಡಪ್ಪ! ಮುಮ್ತಾಜ್ ಈಸ್ ಎ ಬ್ರ್ಯಾಂಡ್, ಆಂಟಿ. ಮೇಘನಾ ಅಂದ್ರೆ ಯಾರಿಗೆ ಗೊತ್ತು?" ಎಂದಿದ್ದಳು. ಬೋರ್ಡು ಇರಲಿ ಎಂದು ಇಂಗ್ರಿಡಮ್ಮ ಯಾಕೆ ಹೇಳಿದ್ದರೋ ನನಗಿನ್ನೂ ಗೊತ್ತಿಲ್ಲದಿರುವಾಗ ನಾನೇನು ಹೇಳಲಿ?

ಅವತ್ತು ಬೆಳಿಗ್ಗೆ ನಾನೇ ಮೊದಲು ಹೋಗಬೇಕೆಂದಿದ್ದೆ, ಬಸ್ಸು ತಡವಾಯಿತು. ಬಾಗಿಲು ತಳ್ಳಿ ಒಳಗೆ ಕಾಲಿಡುವಾಗ ಕೌಂಟರಿನ ಮುಂದೆ ಒಬ್ಬ ಗಂಡಸು. ಹೊಸಬ, ಕೈಯಲ್ಲಿ ಚರ್ಮದ ಜಾಕೆಟ್. ಮೇಘನಾ ಬೆನ್ನು ನೆಟ್ಟಗೆ ಮಾಡಿಕೊಂಡು ಏನೋ ವಿವರಿಸುತ್ತಿದ್ದಳು, ನನಗಿಂತ ಎಷ್ಟೋ ಚಂದದ ಸ್ವೀಡಿಷ್. ಅವನ ಕಣ್ಣು ಅವಳ ಮುಖದ ಮೇಲೆ ನಿಂತು, ಆಮೇಲೆ ಅವಳ ಹೆಗಲ ಹಿಂದೆ ಯಾರನ್ನೋ ಹುಡುಕಿತು. "ಮುಮ್ತಾಜ್ ಇಲ್ಲವೇ?" ಎಂದ.

ಮೇಘನಾಳ ಕಿವಿ ಕೆಂಪಾಯಿತು. ಬಾಗಿಲ ಬಳಿ ನಿಂತ ನನ್ನನ್ನು ಅವಳು ನೋಡಿರಲಿಲ್ಲ. "ಒಂದು ನಿಮಿಷ. ಕೇಳಿ ಹೇಳ್ತೀನಿ" ಎಂದಳು.

ಪರದೆಯ ಹಿಂದೆ ಹೋದಳು. ನನ್ನ ಅಂಗಡಿಯಲ್ಲಿ ನಾನೇ ನಿಂತು, ಒಳಗೆ ನಾನು ಏನು ಹೇಳುತ್ತೇನೋ ಎಂದು ಕಾಯತೊಡಗಿದೆ. ಜೋರಾಗಿ ನಗಬೇಕೋ, ಕೂಗಿ ಹೇಳಬೇಕೋ, ಒಂದೂ ತೋಚಲಿಲ್ಲ. ಹೊರಗೆ ಬಂದ ಮೇಘನಾ, "ಇದು ಎರಡು ವಾರ ಹಿಡಿಯುತ್ತಂತೆ" ಎಂದಳು. ಆತ "ಯೋಚಿಸಿ ಬರ್ತೀನಿ" ಎಂದು ಜಾಕೆಟ್ ಮಡಚಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋದ.

ಮೊದಲ ದಿನದ ಮೊದಲ ಗಿರಾಕಿ. ಬರಿಗೈ. ಮೇಘನಾ ಕೌಂಟರ್ ಹಿಡಿದುಕೊಂಡು ನಿಂತಿದ್ದಳು, ಈಗ ಅತ್ತಾಳು ಎನ್ನುವ ಹಾಗೆ. ಆಗ ನನ್ನನ್ನು ಕಂಡಳು.

"ಆಂಟಿ! ನೀವು ಯಾವಾಗ... ನೋಡಿದ್ರಾ?"

"ಏನನ್ನ?" ಎಂದೆ. ಕೋಟು ಬಿಚ್ಚಿ ಕೌಂಟರಿನ ಮೇಲಿಟ್ಟು, ಜೇಬಿನಿಂದ ಗುಂಡಿ ತೆಗೆದು ಅದರ ಪಕ್ಕದಲ್ಲಿಟ್ಟೆ. "ಗುಂಡಿ ಬಿದ್ದುಹೋಗಿದೆ ಕಣೇ. ಹಾಕಿಕೊಡು."

ಅವಳು ಗುಂಡಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ದಾರದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ತಲೆಯೆತ್ತಿದಳು. "ಆಂಟಿ, ಇದು ಬಿದ್ದಿದ್ದಲ್ಲ. ಯಾರೋ ಕಟ್ ಮಾಡಿದ್ದಾರೆ."

ನಾನು ಉಸಿರನ್ನು ಒಳಗೆಳೆದುಕೊಂಡೆ.

"ದಾರ ಸಡಿಲಾಗಿತ್ತು" ಎಂದೆ.